ಮುಂಚೂಣಿ, ನೇತೃತ್ವ, ಹರಿಕಾರ: ಇಂಗ್ಲಿಷಿನಲ್ಲಿ ಎಲ್ಲಕ್ಕೂ ‘ಲೀಡ್’ ಒಂದೇ ಸಾಕೇ?

ವಾಚನಾಲಯ_ಬದಿಯಡ್ಕ ಕೇಳಿದ್ದು:

ನಮ್ಮ ಊರಿನ ಕನ್ನಡ ವಾಚನಾಲಯದ ಸ್ಮರಣ ಸಂಚಿಕೆ ಅಚ್ಚಿಗೆ ತಯಾರಾಗುತ್ತಿದೆ. ಕೊನೆಯ ಕೆಲವು ಪುಟ ಇಂಗ್ಲಿಷಿನಲ್ಲಿ ಇರಬೇಕೆಂದು ಸಮಿತಿಯ ತೀರ್ಮಾನ. ಹೊರದೇಶದಲ್ಲಿ ಕೆಲಸದಲ್ಲಿರುವ ಊರಿನ ಮಕ್ಕಳು, ಕನ್ನಡ ಓದಲು ಬಾರದ ಮಲಯಾಳಿ ನೆರೆಯವರು, ಗ್ರಂಥಾಲಯ ಅನುದಾನದ ಅಧಿಕಾರಿಗಳು ಓದುವ ಪುಟಗಳು ಅವು. ಕನ್ನಡ ಲೇಖನಗಳಲ್ಲಿ ‘ಮುಂಚೂಣಿಯಲ್ಲಿದ್ದರು’, ‘ನೇತೃತ್ವ ವಹಿಸಿದರು’, ‘ಮುಂದಾಳು’, ‘ಅಗ್ರಗಣ್ಯ’, ‘ಹರಿಕಾರ’ ಇವು ಪ್ಯಾರಾಕ್ಕೊಂದು ಬರುತ್ತವೆ. ಇಂಗ್ಲಿಷ್ ಕರಡಿನಲ್ಲಿ ಎಲ್ಲದಕ್ಕೂ ಲೀಡ್, ಲೀಡರ್, ಲೀಡಿಂಗ್ ಎಂದೇ ಬಿದ್ದಿದೆ. ಸಮಾನಾರ್ಥಕ ಕೋಶ ತೆರೆದರೆ ಸ್ಪಿಯರ್‌ಹೆಡ್, ವ್ಯಾನ್‌ಗಾರ್ಡ್, ಪಯನಿಯರ್, ಫೋರ್‌ಮೋಸ್ಟ್, ಬೆಲ್‌ವೆದರ್ ಎಂದು ಸಾಲುಸಾಲು ಕೊಡುತ್ತದೆ. ಯಾವುದು ಎಲ್ಲಿಗೆ ಎಂದು ಮಾತ್ರ ಹೇಳುವುದಿಲ್ಲ.

ಮಾದರಿಗೆ ಕೆಲವು ವಾಕ್ಯ:

– ಕಾಸರಗೋಡಿನ ವಿಲೀನ ಚಳವಳಿಯ ಮುಂಚೂಣಿಯಲ್ಲಿದ್ದವರು ಕಯ್ಯಾರ ಕಿಞ್ಞಣ್ಣ ರೈ.
– ಪ್ರಾಸ ಬಿಟ್ಟು ಕವಿತೆ ಬರೆದವರಲ್ಲಿ ಮಂಜೇಶ್ವರ ಗೋವಿಂದ ಪೈ ಮೊದಲಿಗರು.
– ತೋಟದ ಬೆಳೆಗಳ ಸಂಶೋಧನೆಯಲ್ಲಿ ಮುಂಚೂಣಿಯಲ್ಲಿರುವ ಸಂಸ್ಥೆ ಕಾಸರಗೋಡಿನ ಸಿಪಿಸಿಆರ್‌ಐ.
– ವಾಚನಾಲಯದ ಕಟ್ಟಡಕ್ಕಾಗಿ ಮುಂದೆ ನಿಂತು ದುಡಿದವರು.
– ಅವರು ಸಭೆಯ ಅಧ್ಯಕ್ಷತೆ ವಹಿಸಿದರು.
– ಊರಿನ ಸಹಕಾರಿ ರಂಗದ ಹರಿಕಾರ.

ಬಲ್ಲವರು ತಿದ್ದಿಕೊಟ್ಟರೆ ಉಪಕಾರ.

---

ಇಂಗ್ಲಿಷ್_ಮಾಸ್ಟ್ರು_ಕುಂಬಳೆ ಉತ್ತರ:

ಕೋಶವನ್ನು ಪಕ್ಕಕ್ಕಿಟ್ಟು ಮೊದಲು ಕನ್ನಡ ವಾಕ್ಯವನ್ನೇ ಕೇಳಿ ನೋಡಿ. ಆ ವ್ಯಕ್ತಿಯ ಕೈಯಲ್ಲಿ ಹೊಣೆ, ಅಧಿಕಾರ ಇತ್ತೇ? ಎಲ್ಲರಿಗಿಂತ ಮೊದಲು ಆ ಕೆಲಸ ಮಾಡಿದವರೇ? ಹಲವರ ಜತೆ ಸೇರಿ ಎದುರು ನಿಂತವರೇ? ಅಥವಾ ಆ ಕ್ಷೇತ್ರದ ದೊಡ್ಡ ಹೆಸರು ಎಂದಷ್ಟೇ ಹೇಳಬೇಕೇ? ನಮ್ಮ ‘ಮುಂಚೂಣಿ’ ಈ ನಾಲ್ಕಕ್ಕೂ ಸಲ್ಲುತ್ತದೆ. ಇಂಗ್ಲಿಷಿನಲ್ಲಿ ನಾಲ್ಕಕ್ಕೂ ಬೇರೆ ಬೇರೆ ಶಬ್ದ, ಒಂದರ ಜಾಗಕ್ಕೆ ಇನ್ನೊಂದನ್ನು ಇಟ್ಟರೆ ಇತಿಹಾಸವೇ ಬದಲಾಗುತ್ತದೆ.

ಕಯ್ಯಾರರ ವಾಕ್ಯ ನೋಡಿ. ಆ ಚಳವಳಿಯಲ್ಲಿ ಅನೇಕ ಹಿರಿಯರು ಇದ್ದರು. ‘ಲೆಡ್ ದ ಮೂವ್‌ಮೆಂಟ್’ ಎಂದು ಬರೆದರೆ ನಾಯಕರು ಅವರೊಬ್ಬರೇ ಎಂಬ ಧ್ವನಿ ಬರುತ್ತದೆ. ‘ವಾಸ್ ಅಟ್ ದ ಫೋರ್‌ಫ್ರಂಟ್ ಆಫ್ ದ ಮೂವ್‌ಮೆಂಟ್’ ಎಂದರೆ ಮೊದಲ ಸಾಲಿನಲ್ಲಿ ಇದ್ದರು, ಆ ಸಾಲಿನಲ್ಲಿ ಬೇರೆಯವರಿಗೂ ಜಾಗ ಉಂಟು. ನಿಮ್ಮ ಕನ್ನಡ ವಾಕ್ಯ ಹೇಳುವುದೂ ಅದನ್ನೇ. ಹಾಗಾಗಿ ಇಲ್ಲಿ ಫೋರ್‌ಫ್ರಂಟ್ ಸರಿ. ಅದರ ಹಿಂದೆ ‘ಅಟ್’ ಹಾಕಿ. ‘ಇನ್ ದ ಫೋರ್‌ಫ್ರಂಟ್’ ಎಂದೂ ಬರೆಯುವವರಿದ್ದಾರೆ, ತಪ್ಪಲ್ಲ, ಆದರೆ ಈಗ ‘ಅಟ್’ ರೂಢಿ. ‘ಆನ್’ ಮಾತ್ರ ಬೇಡ. ಮುಂದೆ ‘ಆಫ್’ ಬರಲೇಬೇಕು ಮತ್ತು ಅದರ ನಂತರ ಒಂದು ಚಟುವಟಿಕೆಯ ಹೆಸರು ಇರಬೇಕು: ಚಳವಳಿ, ಸಂಶೋಧನೆ, ಹೋರಾಟ, ಬದಲಾವಣೆ. ‘ಅಟ್ ದ ಫೋರ್‌ಫ್ರಂಟ್ ಆಫ್ ದ ಲೈಬ್ರರಿ’ ಎಂದರೆ ಕಟ್ಟಡದ ಎದುರು ನಿಂತಿದ್ದರು ಎಂಬ ಹಾಗೆ ಕೇಳುತ್ತದೆ.

ಇದೇ ವಾಕ್ಯದಲ್ಲಿ ಇನ್ನೆರಡು ಎಚ್ಚರ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಾಗ ಆಚೆಗಿನದು ಮೈಸೂರು ರಾಜ್ಯ. ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ಕ್ಕೆ. ಆ ಕಾಲದ ವಿಷಯ ಬರೆಯುವಾಗ ಇಂಗ್ಲಿಷಿನಲ್ಲಿ ‘ಮೈಸೂರ್ ಸ್ಟೇಟ್’ ಎಂದು ಬರೆದು, ಈಗಿನ ಹೆಸರನ್ನು ಒಮ್ಮೆ ಸೇರಿಸಿ. ಕಾಸರಗೋಡು ಆಗ ತಾಲೂಕು, ಜಿಲ್ಲೆಯಾದದ್ದು 1984ರಲ್ಲಿ. ಇಡೀ ನಾಡಿನ ಏಕೀಕರಣಕ್ಕೆ ಯುನಿಫಿಕೇಶನ್, ಕಾಸರಗೋಡನ್ನು ಕನ್ನಡ ನಾಡಿಗೆ ಸೇರಿಸುವ ಬೇಡಿಕೆಗೆ ಮರ್ಜರ್. ಎರಡನ್ನೂ ಕಲಸಬೇಡಿ.

ಇನ್ನು ಲೀಡ್ ಶಬ್ದದ್ದೇ ಕಾಗುಣಿತ. ಭೂತಕಾಲ ಎಲ್-ಇ-ಡಿ, ಮೂರೇ ಅಕ್ಷರ. ನಾಲ್ಕಕ್ಷರದ ಎಲ್-ಇ-ಎ-ಡಿ ಬರೆದು ‘ಲೆಡ್’ ಎಂದು ಓದಿದರೆ ಅದು ಸೀಸ. ‘ಲೆಡ್ ಬೈ’ ಎಂಬಲ್ಲಿ ಸೀಸ ಬರುವುದು ಸ್ಮರಣ ಸಂಚಿಕೆಗಳಲ್ಲಿ ಅತಿ ಹೆಚ್ಚು ಕಾಣುವ ತಪ್ಪು. ಕಾರಣ ಉಂಟು: ರೀಡ್ ಕ್ರಿಯಾಪದ ಭೂತಕಾಲದಲ್ಲಿ ಅಕ್ಷರ ಬದಲಿಸದೆ ಉಚ್ಚಾರ ಮಾತ್ರ ಬದಲಿಸುತ್ತದೆ, ಲೀಡ್ ಕೂಡ ಹಾಗೆಯೇ ಎಂದು ಕೈ ಬರೆದುಬಿಡುತ್ತದೆ. ಕಂಪ್ಯೂಟರಿನ ಕಾಗುಣಿತ ಪರೀಕ್ಷೆ ಇದನ್ನು ಹಲವು ಬಾರಿ ಹಿಡಿಯುವುದಿಲ್ಲ, ಏಕೆಂದರೆ ಎರಡೂ ನಿಜವಾದ ಶಬ್ದಗಳೇ. ಕರಡಿನಲ್ಲಿ ಎಲ್-ಇ-ಎ-ಡಿ ಎಂದು ಹುಡುಕಿ ಒಂದೊಂದನ್ನೂ ಕಣ್ಣಲ್ಲಿ ನೋಡಿ. ಮಿಸ್‌ಲೀಡ್ ಶಬ್ದಕ್ಕೂ ಇದೇ ನಿಯಮ.

ಲೀಡಿಂಗ್ ಎಂಬ ವಿಶೇಷಣ ನಾಮಪದದ ಹಿಂದೆ ಬಂದರೆ ಮಾತ್ರ ‘ಪ್ರಮುಖ’. ‘ಎ ಲೀಡಿಂಗ್ ಪೊಯೆಟ್’ ಎಂದರೆ ಪ್ರಮುಖ ಕವಿ. ‘ದ ಪೊಯೆಟ್ ಇಸ್ ಲೀಡಿಂಗ್’ ಎಂದು ಕೊನೆಗೆ ಹಾಕಿದರೆ ಕವಿ ಯಾವುದೋ ಓಟದಲ್ಲಿ ಸದ್ಯಕ್ಕೆ ಮುಂದಿದ್ದಾರೆ ಎಂದಾಯಿತು. ‘ಒನ್ ಆಫ್ ದ ಲೀಡಿಂಗ್’ ಎಂದ ಮೇಲೆ ಬಹುವಚನ ಕಡ್ಡಾಯ: ಪೊಯೆಟ್ಸ್, ಫಾರ್ಮರ್ಸ್, ಸ್ಕೂಲ್ಸ್. ‘ಮೋಸ್ಟ್ ಲೀಡಿಂಗ್’, ‘ಮೋಸ್ಟ್ ಫೋರ್‌ಮೋಸ್ಟ್’ ಎಂದು ಬರೆಯುವಂತಿಲ್ಲ; ಫೋರ್‌ಮೋಸ್ಟ್ ಒಳಗೇ ‘ಎಲ್ಲರಿಗಿಂತ ಮುಂದೆ’ ಎಂಬ ಅರ್ಥ ಉಂಟು. ಫೋರ್‌ಮೋಸ್ಟ್ ನಿಮ್ಮ ‘ಅಗ್ರಗಣ್ಯ’ಕ್ಕೆ ಹತ್ತಿರದ್ದು, ಸ್ವಲ್ಪ ಗಂಭೀರ ಶಬ್ದ. ಸಂಚಿಕೆಯಲ್ಲಿ ಒಬ್ಬರಿಗೋ ಇಬ್ಬರಿಗೋ ಮೀಸಲಿಡಿ.

ಅಧ್ಯಕ್ಷತೆಯ ವಾಕ್ಯಕ್ಕೆ ‘ಪ್ರಿಸೈಡೆಡ್ ಓವರ್ ದ ಮೀಟಿಂಗ್’. ಓವರ್ ಬಿಟ್ಟು ‘ಪ್ರಿಸೈಡೆಡ್ ದ ಮೀಟಿಂಗ್’ ಎಂದರೆ ವ್ಯಾಕರಣ ತಪ್ಪು. ಕನ್ನಡದಲ್ಲಿ ‘ಅಧ್ಯಕ್ಷತೆಯನ್ನು ವಹಿಸಿದರು’ ಎಂಬಲ್ಲಿ ಕರ್ಮ ನೇರವಾಗಿ ಬರುವುದರಿಂದ ಆ ಓವರ್ ಬಿಟ್ಟುಹೋಗುತ್ತದೆ. ಚಿಕ್ಕ ಸಮಿತಿ ಸಭೆ, ವಿಚಾರಗೋಷ್ಠಿಯ ಒಂದು ಅವಧಿ ಇವಕ್ಕೆ ‘ಚೇರ್ಡ್’ ಸಾಕು, ಅದಕ್ಕೆ ಓವರ್ ಬೇಡ.

ಸ್ಪಿಯರ್‌ಹೆಡ್ ಎಂದರೆ ಈಟಿಯ ಮೊನೆ. ಎದುರಾಳಿ ಅಥವಾ ತಡೆ ಇರುವ ಕೆಲಸಕ್ಕೆ ಅದು ಹೊಂದುತ್ತದೆ: ಚಳವಳಿ, ಅಭಿಯಾನ, ನಿಧಿ ಸಂಗ್ರಹ. ‘ಸ್ಪಿಯರ್‌ಹೆಡೆಡ್ ದ ಲೈಬ್ರರಿ’ ಆಗುವುದಿಲ್ಲ, ‘ಸ್ಪಿಯರ್‌ಹೆಡೆಡ್ ದ ಕ್ಯಾಂಪೇನ್ ಫಾರ್ ಎ ಲೈಬ್ರರಿ’ ಆಗುತ್ತದೆ. ಹದಿನಾರು ಪುಟದಲ್ಲಿ ಆರು ಕಡೆ ಇದು ಬಂದರೆ ಓದುವವರಿಗೆ ಬರೀ ಸದ್ದು. ಸಮಿತಿ, ಇಲಾಖೆ, ನಿಯೋಗ ಇವಕ್ಕೆ ‘ಹೆಡೆಡ್’ ಎಂಬ ಸಾದಾ ಶಬ್ದವೇ ಬೇಕಾದದ್ದು.

---

ಅನುವಾದಕಿ_ಮಂಜೇಶ್ವರ ಉತ್ತರ:

ಮಾಸ್ಟ್ರು ಹೇಳಿದ್ದಕ್ಕೆ ಪೂರಕವಾಗಿ ‘ಮೊದಲಿಗ’ ಮತ್ತು ‘ಹರಿಕಾರ’ ಎರಡನ್ನೂ ಬಿಡಿಸುತ್ತೇನೆ. ಅನುವಾದ ಹೆಚ್ಚು ಕೆಡುವುದು ಇಲ್ಲಿಯೇ.

ಹರಿಕಾರನಿಗೆ ಕೋಶಗಳು ‘ಹಾರ್ಬಿಂಜರ್’ ಎಂದು ಕೊಡುತ್ತವೆ. ಹಾಕಬೇಡಿ. ಹರಿಕಾರ ಪಾರಸಿಯ ಹರ್ಕಾರಾದಿಂದ ಬಂದದ್ದು, ಸುದ್ದಿ ಒಯ್ಯುವ ಓಲೆಕಾರ. ಹಾರ್ಬಿಂಜರ್ ಕೂಡ ಹಿಂದಿನ ಕಾಲದಲ್ಲಿ ಮುಂದಾಗಿ ಹೋಗಿ ದೊರೆಗಳ ಪರಿವಾರಕ್ಕೆ ಬಿಡಾರ ಏರ್ಪಡಿಸುವವನೇ. ಹುಟ್ಟು ಹತ್ತಿರ ಹತ್ತಿರ, ಆದರೆ ಬೆಳೆದ ದಿಕ್ಕು ಬೇರೆ. ನಮ್ಮಲ್ಲಿ ಹರಿಕಾರ ಹೊಸದನ್ನು ತಂದ ಪೂಜ್ಯನಾದ. ಇಂಗ್ಲಿಷಿನ ಹಾರ್ಬಿಂಜರ್ ಬರಲಿರುವುದರ ಸೂಚನೆ ಮಾತ್ರ, ಅದೂ ಹೆಚ್ಚಾಗಿ ಕೆಟ್ಟದ್ದರದು. ಅವರಲ್ಲಿ ವಸಂತಕ್ಕೆ ಹಾರ್ಬಿಂಜರ್ ಉಂಟು, ವಿನಾಶಕ್ಕೂ ಉಂಟು. ಸಹಕಾರಿ ಸಂಘ ಕಟ್ಟಿದ ಹಿರಿಯರಿಗೆ ಇಲ್ಲ. ಹಸಿರು ಕ್ರಾಂತಿಯ ಹರಿಕಾರ ಎಂದು ನಾವು ಕರೆಯುವ ಎಂ.ಎಸ್. ಸ್ವಾಮಿನಾಥನ್ ಅವರನ್ನು ಇಂಗ್ಲಿಷ್ ಪತ್ರಿಕೆಗಳು ‘ಫಾದರ್ ಆಫ್ ದ ಗ್ರೀನ್ ರೆವಲ್ಯೂಶನ್ ಇನ್ ಇಂಡಿಯಾ’ ಎನ್ನುತ್ತವೆ. ಆ ‘ಇನ್ ಇಂಡಿಯಾ’ ಬಿಡಬಾರದು. ಊರಿನ ಮಟ್ಟಕ್ಕೆ ‘ಫಾದರ್’ ಭಾರವಾಗುತ್ತದೆ. ‘ಪಯನಿಯರ್ ಆಫ್ ದ ಕೋಆಪರೇಟಿವ್ ಮೂವ್‌ಮೆಂಟ್ ಇನ್’ ಎಂದು ಊರಿನ ಹೆಸರು ಸೇರಿಸಿ. ಊರಿನ ಹೆಸರಿಲ್ಲದಿದ್ದರೆ ಸಹಕಾರಿ ಚಳವಳಿಯೇ ಅವರಿಂದ ಹುಟ್ಟಿತು ಎಂದಾಗುತ್ತದೆ.

ಪಯನಿಯರ್ ಮೂಲದಲ್ಲಿ ಕಾಲಾಳು. ದಂಡಿನ ಮುಂದೆ ಹೋಗಿ ಪೊದೆ ಸವರಿ, ಕಂದಕ ತೋಡಿ ದಾರಿ ಮಾಡುವವನು. ಚದುರಂಗದ ಪಾನ್, ಕಚೇರಿಯ ಪ್ಯೂನ್ ಇದೇ ಬೇರಿನವು. ಆದ್ದರಿಂದ ಪಯನಿಯರ್ ಎಂದರೆ ‘ಹಿಂದೆ ದಾರಿ ಇರಲಿಲ್ಲ, ಇವರು ಮಾಡಿದರು, ಮತ್ತೆ ಬೇರೆಯವರು ನಡೆದರು’ ಎಂಬ ಮೂರೂ ಸಂಗತಿ ಇರಬೇಕು. ಬರೀ ಪ್ರಸಿದ್ಧರಾದವರಿಗೆ ಸಲ್ಲುವುದಿಲ್ಲ. ‘ಫಸ್ಟ್ ಪಯನಿಯರ್’ ಪುನರುಕ್ತಿ. ಕ್ರಿಯಾಪದವಾಗಿ ಬಳಸಿದರೆ ನೇರ ಕರ್ಮ ತೆಗೆದುಕೊಳ್ಳುತ್ತದೆ, ‘ಇನ್’ ಬೇಡ.

ಗೋವಿಂದ ಪೈಯವರ ವಾಕ್ಯಕ್ಕೆ ಇದು ಚೆನ್ನಾಗಿ ಹೊಂದುತ್ತದೆ, ಆದರೆ ‘ಪ್ರಾಸ’ವನ್ನು ಬರೀ ‘ರೈಮ್’ ಎಂದರೆ ಇಂಗ್ಲಿಷ್ ಓದುಗರು ಸಾಲಿನ ಕೊನೆಯ ಪ್ರಾಸ ಎಂದು ತಿಳಿಯುತ್ತಾರೆ. ಪೈಗಳು ಬಿಟ್ಟದ್ದು ಪ್ರತಿ ಪಾದದ ಎರಡನೆಯ ಅಕ್ಷರ ಒಂದೇ ಆಗಿರಬೇಕೆಂಬ ಆದಿಪ್ರಾಸದ ಕಟ್ಟನ್ನು. ‘ಸೆಕೆಂಡ್-ಸಿಲಬಲ್ ರೈಮ್’ ಎಂದು ಬರೆದು ಅರ್ಧ ವಾಕ್ಯದಲ್ಲಿ ವಿವರಿಸಿ, ‘ಅಮಂಗ್ ದ ಫಸ್ಟ್ ಟು ಗಿವ್ ಅಪ್’ ಎಂದು ಮುಗಿಸಿ. ‘ಅಮಂಗ್ ದ ಫಸ್ಟ್’ ತುಂಬ ಉಪಕಾರಿ ಪದಪುಂಜ. ‘ಮೊದಲಿಗರು’ ಎಂದು ಕನ್ನಡದಲ್ಲಿ ಗೌರವಕ್ಕೆ ಬರೆದದ್ದನ್ನು ‘ದ ಫಸ್ಟ್’ ಎಂದು ಮಾಡಿದರೆ ಅದು ದಾಖಲೆ ಕೇಳುವ ಹೇಳಿಕೆಯಾಗುತ್ತದೆ.

‘ಟ್ರೇಲ್‌ಬ್ಲೇಜರ್’ ಕೂಡ ದಾರಿ ತೋರಿದವರೇ. ಕಾಡಿನಲ್ಲಿ ಮರದ ತೊಗಟೆ ಕೆತ್ತಿ ಮಾಡುವ ಗುರುತಿಗೆ ಬ್ಲೇಜ್ ಎನ್ನುತ್ತಾರೆ. ಪಯನಿಯರ್‌ಗಿಂತ ಇದು ವೈಯಕ್ತಿಕ ಧೈರ್ಯಕ್ಕೆ ಹೆಚ್ಚು ಒತ್ತು ಕೊಡುತ್ತದೆ. ಹೆಣ್ಣುಮಕ್ಕಳು ಶಾಲೆಗೆ ಹೋಗದ ಕಾಲದಲ್ಲಿ ಕಲಿತು ಟೀಚರ್ ಆದವರ ಬಗ್ಗೆ ಸಂಚಿಕೆಯಲ್ಲಿ ಲೇಖನ ಇದ್ದರೆ ಅಲ್ಲಿಗೆ ಇದು ಸರಿಯಾಗಿ ಕೂರುತ್ತದೆ.

‘ಫೋರ್‌ರನ್ನರ್’ ಮತ್ತು ‘ಫ್ರಂಟ್-ರನ್ನರ್’ ಅದಲುಬದಲಾಗದಂತೆ ನೋಡಿ. ಫೋರ್‌ರನ್ನರ್ ಕಾಲದಲ್ಲಿ ಮೊದಲು ಬಂದದ್ದು: ನಿಮ್ಮ ವಾಚನಾಲಯಕ್ಕೆ ಮುಂಚೆ ಯಾರದೋ ಜಗಲಿಯಲ್ಲಿ ಪತ್ರಿಕೆ ಓದುವ ಕೂಟ ಇದ್ದಿದ್ದರೆ ಅದು ಫೋರ್‌ರನ್ನರ್. ಫ್ರಂಟ್-ರನ್ನರ್ ಎಂದರೆ ಸ್ಪರ್ಧೆ ಇನ್ನೂ ಮುಗಿದಿಲ್ಲ, ಗೆಲ್ಲುವ ಸಂಭವ ಇವರಿಗೆ ಹೆಚ್ಚು. ತೀರಿಕೊಂಡ ಹಿರಿಯರನ್ನು ಫ್ರಂಟ್-ರನ್ನರ್ ಎಂದು ಬರೆಯುವಂತಿಲ್ಲ.

---

ಸುದ್ದಿಮನೆ_ಡೆಸ್ಕ್ ಉತ್ತರ:

ಗಡಿನಾಡಿನವರು ಮಾತ್ರ ಮಾಡುವ ತಪ್ಪೊಂದನ್ನು ಇಲ್ಲಿ ಸೇರಿಸಬೇಕು. ಮಲಯಾಳದಲ್ಲಿ ‘ಮುನ್‌ನಿರ’ ಎಂದರೆ ಮುಂದಿನ ಸಾಲು, ಪ್ರಮುಖ ಎಂಬ ಅರ್ಥಕ್ಕೂ ಅದೇ. ಎರಡೂ ಭಾಷೆ ಬಲ್ಲ ನಮ್ಮ ಮಕ್ಕಳು ಅದನ್ನು ‘ಫ್ರಂಟ್‌ಲೈನ್’ ಎಂದು ಇಂಗ್ಲಿಷಿಗೆ ತರುತ್ತಾರೆ. ಫ್ರಂಟ್‌ಲೈನ್ ಎಂದರೆ ಶತ್ರು ಅಥವಾ ಅಪಾಯ ಅಥವಾ ಜನರ ಗುಂಪು ನೇರ ಎದುರಾಗುವ ಜಾಗ. ಕೋವಿಡ್ ಕಾಲದಲ್ಲಿ ಆಶಾ ಕಾರ್ಯಕರ್ತೆಯರು, ನರ್ಸ್‌ಗಳು ಫ್ರಂಟ್‌ಲೈನ್ ವರ್ಕರ್ಸ್ ಆದದ್ದು ಹಾಗೆ. ಅದನ್ನು ಕನ್ನಡ ಪತ್ರಿಕೆಗಳು ಮುಂಚೂಣಿ ಕಾರ್ಯಕರ್ತರು ಎಂದವು. ಅದರಿಂದ ಮುಂಚೂಣಿಗೆಲ್ಲ ಫ್ರಂಟ್‌ಲೈನ್ ಎಂಬ ರೂಢಿ ಇನ್ನಷ್ಟು ಗಟ್ಟಿಯಾಯಿತು. ಸಂಶೋಧನಾ ಸಂಸ್ಥೆ ಫ್ರಂಟ್‌ಲೈನ್ ಅಲ್ಲ. ವಿಶೇಷಣವಾದರೆ ಒಂದೇ ಶಬ್ದ, ನಾಮಪದವಾದರೆ ‘ದ ಫ್ರಂಟ್ ಲೈನ್’ ಎಂದು ಬಿಡಿಸಿ ಬರೆಯುವುದು ಸುರಕ್ಷಿತ.

ಬರೀ ‘ಫ್ರಂಟ್’ ಎಂದು ಬರೆದರೆ ಕೇರಳದ ಓದುಗರಿಗೆ ಮೊದಲು ಹೊಳೆಯುವುದು ರಾಜಕೀಯ ಒಕ್ಕೂಟ, ನಾವು ಇಲ್ಲಿ ಕನ್ನಡದಲ್ಲಿ ಎಡರಂಗ, ಐಕ್ಯರಂಗ ಎನ್ನುವುದು. ‘ಹಿ ಕೇಮ್ ಟು ದ ಫ್ರಂಟ್’ ಎಂದು ಬರೆಯುವ ಬದಲು ‘ಕೇಮ್ ಟು ದ ಫೋರ್’ ಎಂದು ಬರೆಯಿರಿ, ಬೆಳಕಿಗೆ ಬಂದರು ಎಂದಾಗುತ್ತದೆ. ಇದರ ಫೋರ್ ನಾಲ್ಕಲ್ಲ, ಕೊನೆಗೆ ‘ಇ’ ಇರುವ ಎಫ್-ಒ-ಆರ್-ಇ.

ಸಿಪಿಸಿಆರ್‌ಐ ವಾಕ್ಯ: 1916ರಲ್ಲಿ ಕಾಸರಗೋಡಿನಲ್ಲಿ ತೆಂಗು ಸಂಶೋಧನಾ ಕೇಂದ್ರವಾಗಿ ಆರಂಭವಾಗಿ, 1970ರಲ್ಲಿ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಾಯಿತು. ಇದಕ್ಕೆ ‘ಎ ಲೀಡಿಂಗ್ ರಿಸರ್ಚ್ ಇನ್‌ಸ್ಟಿಟ್ಯೂಟ್’ ಅಥವಾ ‘ಎ ಪ್ರೀಮಿಯರ್ ಇನ್‌ಸ್ಟಿಟ್ಯೂಟ್’. ಪ್ರೀಮಿಯರ್ ಸಂಸ್ಥೆಗಳಿಗೆ ಚೆನ್ನ, ವ್ಯಕ್ತಿಗೆ ಹಾಕಿದರೆ ಪ್ರಧಾನಮಂತ್ರಿ ಎಂದಾಗುತ್ತದೆ. ಕೊನೆಗೊಂದು ‘ಇ’ ಹೆಚ್ಚಿಗೆ ಬಿದ್ದರೆ ಸಿನಿಮಾದ ಮೊದಲ ಪ್ರದರ್ಶನ. ‘ಕಟಿಂಗ್-ಎಡ್ಜ್’ ಮತ್ತು ‘ಸ್ಟೇಟ್-ಆಫ್-ದಿ-ಆರ್ಟ್’ ತಂತ್ರಜ್ಞಾನಕ್ಕೆ, ಉಪಕರಣಕ್ಕೆ. ಪ್ರಯೋಗಾಲಯದ ವಿಧಾನ ಕಟಿಂಗ್-ಎಡ್ಜ್ ಇರಬಹುದು. ನೂರು ವರ್ಷ ದಾಟಿದ ಸಂಸ್ಥೆಯನ್ನೇ ಹಾಗೆ ಕರೆದರೆ ಜಾಹೀರಾತಿನ ಭಾಷೆಯಾಗುತ್ತದೆ. ‘ಬ್ಲೀಡಿಂಗ್ ಎಡ್ಜ್’ ಹೊಗಳಿಕೆಯಲ್ಲ: ತೀರಾ ಹೊಸತು, ಇನ್ನೂ ಪಳಗಿಲ್ಲ, ನಂಬಿದರೆ ಕೈ ಸುಡಬಹುದು ಎಂಬ ಎಚ್ಚರಿಕೆ ಅದರಲ್ಲಿ ಉಂಟು.

ಚುನಾವಣೆ ವಿಷಯ ಬಂದರೆ: ಎಣಿಕೆ ನಡೆಯುತ್ತಿರುವಾಗಿನ ಮುನ್ನಡೆಗೆ ‘ಲೀಡ್’. ಫಲಿತಾಂಶ ಘೋಷಣೆಯಾದ ಮೇಲೆ ‘ವನ್ ಬೈ ಎ ಮಾರ್ಜಿನ್ ಆಫ್’. ಹಳೆಯ ಪಂಚಾಯತು ಚುನಾವಣೆಯ ವಿವರದಲ್ಲಿ ‘ಲೀಡ್ ಆಫ್ 212 ವೋಟ್ಸ್’ ಎಂಬಂತೆ ಬರೆದಿದ್ದರೆ ಮಾರ್ಜಿನ್ ಎಂದು ತಿದ್ದಿ.

ಕಟ್ಟಡಕ್ಕಾಗಿ ಮುಂದೆ ನಿಂತು ದುಡಿದವರಿಗೆ ‘ಟುಕ್ ದ ಲೀಡ್ ಇನ್ ಗೆಟಿಂಗ್ ದ ಬಿಲ್ಡಿಂಗ್ ಅಪ್’ ಸಹಜ. ಇನ್ ನಂತರದ ಕ್ರಿಯಾಪದಕ್ಕೆ ‘ಇಂಗ್’ ಸೇರಲೇಬೇಕು. ‘ಮುತುವರ್ಜಿ ವಹಿಸಿದರು’ ಎಂದಿದ್ದರೆ ‘ಟುಕ್ ದ ಇನಿಶಿಯೇಟಿವ್’. ಹುದ್ದೆ ಯಾವುದೂ ಇಲ್ಲದೆ ಎಲ್ಲರನ್ನೂ ಹುರಿದುಂಬಿಸಿದವರು ಪ್ರತಿ ಊರಿನಲ್ಲಿ ಇರುತ್ತಾರಲ್ಲ, ಅವರಿಗೆ ‘ದ ಮೂವಿಂಗ್ ಸ್ಪಿರಿಟ್ ಬಿಹೈಂಡ್’ ಎಂಬುದಕ್ಕಿಂತ ಚೆಂದದ ಮಾತು ಇಂಗ್ಲಿಷಿನಲ್ಲಿ ನನಗೆ ಗೊತ್ತಿಲ್ಲ.

---

ವಾಚನಾಲಯ_ಬದಿಯಡ್ಕ:

ತುಂಬಾ ಉಪಕಾರ ಆಯಿತು. ಇನ್ನೂ ಎರಡು ಸಂಶಯ ಉಳಿದಿದೆ. ಒಂದು ಲೇಖನದಲ್ಲಿ ಕಯ್ಯೂರಿನ ರೈತ ಹೋರಾಟದ ಉಲ್ಲೇಖ ಬರುತ್ತದೆ, ಅಲ್ಲಿ ವ್ಯಾನ್‌ಗಾರ್ಡ್ ಹಾಕಬಹುದೇ? ಇನ್ನೊಂದರಲ್ಲಿ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿಯವರ ಮೊಕದ್ದಮೆಯ ವಿಷಯ. ‘ಲೀಡಿಂಗ್ ಕೇಸ್’ ಎಂದು ಒಬ್ಬರು ತಿದ್ದಿದ್ದಾರೆ, ಅದು ಸರಿಯೇ?

---

ಚಂದ್ರಗಿರಿ_ವಕೀಲ ಉತ್ತರ:

ಎರಡನೆಯದಕ್ಕೆ ಮೊದಲು ಉತ್ತರ. ‘ಲೀಡಿಂಗ್ ಕೇಸ್’ ಸರಿಯಾದ ಕಾನೂನು ಪರಿಭಾಷೆ. ಒಂದು ಕಾನೂನು ತತ್ತ್ವವನ್ನು ನೆಲೆಗೊಳಿಸಿ, ಮುಂದಿನ ತೀರ್ಪುಗಳು ಆಧಾರವಾಗಿ ಹಿಡಿಯುವ ಪ್ರಕರಣಕ್ಕೆ ಆ ಹೆಸರು. ಕೇಶವಾನಂದ ಭಾರತಿ ಪ್ರಕರಣದ ತೀರ್ಪು ಬಂದದ್ದು 1973ರ ಏಪ್ರಿಲ್ 24ರಂದು. 13 ನ್ಯಾಯಮೂರ್ತಿಗಳ ಪೀಠ, 7–6ರ ಬಹುಮತ, ಸಂವಿಧಾನದ ಮೂಲರಚನೆಯನ್ನು ಸಂಸತ್ತು ತಿದ್ದಲಾಗದು ಎಂಬ ತತ್ತ್ವ. ಸಾಮಾನ್ಯ ಓದುಗರ ಸಂಚಿಕೆಗೆ ‘ಲ್ಯಾಂಡ್‌ಮಾರ್ಕ್ ಕೇಸ್’ ಎಂದರೆ ಬೇಗ ಅರ್ಥವಾಗುತ್ತದೆ. ಆ ಪುಟದಲ್ಲಿ ಇನ್ನೂ ಮೂರು ಕಡೆ ‘ನೇತೃತ್ವ’ ಬರಬಹುದು, ಮೂರಕ್ಕೂ ಬೇರೆ ಶಬ್ದ ಬೇಕು. ಸ್ವಾಮೀಜಿಯವರು ಆಗ ಮಠದ ‘ಹೆಡ್’, ಲೀಡರ್ ಅಲ್ಲ. ಮುಖ್ಯ ನ್ಯಾಯಮೂರ್ತಿ ಎಸ್.ಎಂ. ಸಿಕ್ರಿ ಇದ್ದ ಪೀಠ ‘ಎ ಬೆಂಚ್ ಹೆಡೆಡ್ ಬೈ’. ಅರ್ಜಿದಾರರ ಪರ ನಾನಿ ಪಾಲ್ಖಿವಾಲಾ ವಾದಿಸಿದ್ದಕ್ಕೆ ‘ಲೆಡ್ ದ ಆರ್ಗ್ಯುಮೆಂಟ್ಸ್’. ಇಲ್ಲಿ ಲೆಡ್ ಬಿಟ್ಟು ಹೆಡೆಡ್ ಹಾಕಿದರೆ ತಪ್ಪು, ವಾದವನ್ನು ಹೆಡ್ ಮಾಡಲು ಬರುವುದಿಲ್ಲ.

ಆದರೆ ‘ಲೀಡಿಂಗ್ ಕ್ವೆಶ್ಚನ್’ ಎಂದರೆ ಪ್ರಮುಖ ಪ್ರಶ್ನೆ ಎಂದು ಯಾರೂ ಎಣಿಸಬೇಡಿ. ಉತ್ತರವನ್ನು ಪ್ರಶ್ನೆಯೊಳಗೇ ಸೂಚಿಸಿ ಕೇಳುವ ಪ್ರಶ್ನೆ ಅದು. 1872ರ ಸಾಕ್ಷ್ಯ ಅಧಿನಿಯಮದ 141ನೇ ಕಲಮು ಅದನ್ನು ಹಾಗೆಯೇ ವ್ಯಾಖ್ಯಾನಿಸಿತ್ತು. ‘ನೀವು ಆ ದಿನ ಅವನನ್ನು ಬಸ್‌ಸ್ಟ್ಯಾಂಡಿನಲ್ಲಿ ಕಂಡಿರಲ್ಲವೇ?’ ಎಂಬುದು ಅಂಥ ಪ್ರಶ್ನೆ. ವಿರೋಧಿ ಪಕ್ಷ ಆಕ್ಷೇಪಿಸಿದರೆ ಮುಖ್ಯ ವಿಚಾರಣೆಯಲ್ಲಿ ನ್ಯಾಯಾಲಯದ ಅನುಮತಿ ಇಲ್ಲದೆ ಕೇಳುವಂತಿಲ್ಲ, ಪಾಟಿಸವಾಲಿನಲ್ಲಿ ಕೇಳಬಹುದು. ಸಂದರ್ಶನದ ತಲೆಬರಹಕ್ಕೆ ‘ಸಮ್ ಲೀಡಿಂಗ್ ಕ್ವೆಶ್ಚನ್ಸ್’ ಎಂದು ಹಾಕಿದರೆ ಸಂದರ್ಶಕರನ್ನು ದೂರಿದಂತೆ. ಹಾಗೆಯೇ ಪೊಲೀಸರಿಗೆ ‘ಎ ಲೀಡ್’ ಸಿಕ್ಕಿತು ಎಂದರೆ ಸುಳಿವು. ‘ಲೀಡ್ ಎವಿಡೆನ್ಸ್’ ಎಂದರೆ ಸಾಕ್ಷ್ಯ ಹಾಜರುಪಡಿಸು.

ಈಗ ಕಯ್ಯೂರು. 1941ರ ಘಟನೆ, ನಾಲ್ವರು ರೈತ ತರುಣರಿಗೆ 1943ರ ಮಾರ್ಚ್‌ನಲ್ಲಿ ಗಲ್ಲು. ವ್ಯಾನ್‌ಗಾರ್ಡ್ ಫ್ರೆಂಚಿನ ಆವಾಂಗಾರ್ಡ್‌ನಿಂದ ಬಂದ ಸೇನೆಯ ಶಬ್ದ, ದಂಡಿನ ಮುಂಭಾಗ. ಕನ್ನಡದ ಚೂಣಿ ಕೂಡ ಹಳೆಯ ಕಾವ್ಯಗಳಲ್ಲಿ ಅದೇ. ಆದರೆ ಇಪ್ಪತ್ತನೇ ಶತಮಾನದಲ್ಲಿ ಲೆನಿನ್ ಕಾರ್ಮಿಕ ವರ್ಗದ ವ್ಯಾನ್‌ಗಾರ್ಡ್ ಪಕ್ಷ ಎಂಬ ಕಲ್ಪನೆಯನ್ನು ಬೆಳೆಸಿದ ಮೇಲೆ ಈ ಶಬ್ದಕ್ಕೆ ಕಮ್ಯೂನಿಸ್ಟ್ ಚಳವಳಿಯ ಬಣ್ಣ ಅಂಟಿದೆ. ಕಯ್ಯೂರಿನಲ್ಲಿ ರೈತ ಸಂಘ ಮತ್ತು ಪಕ್ಷದ ಪಾತ್ರ ಹೇಳುವಾಗ ‘ಇನ್ ದ ವ್ಯಾನ್‌ಗಾರ್ಡ್ ಆಫ್ ದ ಪೆಸೆಂಟ್ ಮೂವ್‌ಮೆಂಟ್’ ಹೊಂದುತ್ತದೆ. ಇದರ ಹಿಂದೆ ‘ಅಟ್’ ಎಂದು ಬರೆಯುವವರೂ ಇದ್ದಾರೆ, ಆದರೆ ‘ಇನ್’ ರೂಢಿ. ಯಕ್ಷಗಾನ ಕಲಾವಿದರಿಗೋ ಅಡಿಕೆ ಕೃಷಿಕರಿಗೋ ಅದೇ ಶಬ್ದ ಹಾಕಿದರೆ ಬೇಡದ ಬಣ್ಣ ಬರುತ್ತದೆ, ಅಲ್ಲಿ ಫೋರ್‌ಫ್ರಂಟ್ ಸಾಕು.

ಒಂದು ಗಂಭೀರ ಎಚ್ಚರಿಕೆ. ‘ರಿಂಗ್‌ಲೀಡರ್’ ಎಂದರೆ ದುಷ್ಕೃತ್ಯದ ಗುಂಪಿನ ಮುಖಂಡ. ಬ್ರಿಟಿಷ್ ಕಾಲದ ಪೊಲೀಸ್ ಕಾಗದಗಳಿಂದ ಸ್ವಾತಂತ್ರ್ಯ ಹೋರಾಟಗಾರರ ವಿವರ ಎತ್ತುವವರು ಆ ಶಬ್ದವನ್ನೂ ಎತ್ತಿ ತರುತ್ತಾರೆ. ಉದ್ಧರಣ ಚಿಹ್ನೆಯೊಳಗೆ, ಇದು ಸರಕಾರದ ಮಾತು ಎಂದು ಹೇಳಿ ಮಾತ್ರ ಬಳಸಿ. ಕಿಂಗ್‌ಪಿನ್, ಮಾಸ್ಟರ್‌ಮೈಂಡ್ ಇವೂ ನಮ್ಮ ಪತ್ರಿಕೆಗಳಲ್ಲಿ ಅಪರಾಧ ವರದಿಗೆ ಸವೆದುಹೋಗಿವೆ. ಇನ್ನು ‘ಫಸ್ಟ್ ಅಕ್ಯೂಸ್ಡ್’ ಎಂದರೆ ಆರೋಪಪಟ್ಟಿಯಲ್ಲಿ ಒಂದನೇ ಕ್ರಮಸಂಖ್ಯೆ ಅಷ್ಟೆ. ಅದರಿಂದಲೇ ಮುಖ್ಯ ಅಪರಾಧಿ ಎಂದಾಗುವುದಿಲ್ಲ. ಹಳೆಯ ಮೊಕದ್ದಮೆಯ ವಿಷಯ ಬರೆಯುವಾಗ ಅದನ್ನು ‘ಲೀಡರ್’ ಎಂದು ಬಿಡಿಸಬೇಡಿ.

---

ಅನುವಾದಕಿ_ಮಂಜೇಶ್ವರ:

ವಕೀಲರು ಹೇಳಿದ ರಿಂಗ್‌ಲೀಡರ್ ಸಾಲಿಗೇ ಇನ್ನೆರಡು. ‘ಫಿಗರ್‌ಹೆಡ್’ ಹಡಗಿನ ಮೂತಿಗೆ ಕೆತ್ತಿದ ಮರದ ಗೊಂಬೆ. ಹೆಸರಿಗೆ ಮಾತ್ರ ಅಧ್ಯಕ್ಷ, ಕೈಯಲ್ಲಿ ಅಧಿಕಾರವಿಲ್ಲ ಎಂಬ ಅರ್ಥ. ಗೌರವಾಧ್ಯಕ್ಷರಿಗೆ ಅದನ್ನು ಹಾಕಿದರೆ ಅವಮಾನ. ‘ಬೆಲ್‌ವೆದರ್’ ಕೊರಳಿಗೆ ಗಂಟೆ ಕಟ್ಟಿದ ಬೀಜ ಒಡೆದ ಟಗರು, ಮಂದೆ ಅದರ ಹಿಂದೆ ಹೋಗುತ್ತದೆ. ಇಂಗ್ಲಿಷಿನಲ್ಲಿ ಅದು ಮಾರುಕಟ್ಟೆ ಅಥವಾ ಚುನಾವಣೆಯ ಒಲವು ತೋರಿಸುವ ಷೇರು, ಕ್ಷೇತ್ರ ಇವುಗಳಿಗೆ. ಮನುಷ್ಯರಿಗೆ ಬೇಡ. ವೆದರ್ ಎಂಬಲ್ಲಿ ಹವಾಮಾನದ ‘ಎ’ ಅಕ್ಷರ ಇಲ್ಲ.

‘ಸ್ಟಾಲ್ವರ್ಟ್’ ಬಗ್ಗೆಯೂ ಹೇಳಬೇಕು. ನಮ್ಮ ದೇಶದ ಇಂಗ್ಲಿಷಿನಲ್ಲಿ ದಿಗ್ಗಜ ಎಂಬರ್ಥಕ್ಕೆ ಧಾರಾಳ ಬಳಸುತ್ತಾರೆ. ಇಂಗ್ಲಿಷಿನ ಸಾಮಾನ್ಯ ಬಳಕೆಯಲ್ಲಿ ಅದು ಕಷ್ಟಕಾಲದಲ್ಲೂ ಬಿಟ್ಟುಹೋಗದ ನಿಷ್ಠಾವಂತ. ವಾಚನಾಲಯವನ್ನು ದಶಕಗಟ್ಟಲೆ ನಡೆಸಿಕೊಂಡು ಬಂದ ಗ್ರಂಥಪಾಲಕರು ನಿಜವಾದ ಸ್ಟಾಲ್ವರ್ಟ್. ಒಂದು ಕ್ಷೇತ್ರದ ಹಿರಿಯರಲ್ಲಿ ಹಿರಿಯರು, ಎಲ್ಲರ ಗೌರವಕ್ಕೆ ಪಾತ್ರರು ಎಂಬಲ್ಲಿ ‘ಡೋಯೆನ್’. ಮಹಿಳೆಯಾದರೆ ಕೊನೆಗೆ ಇನ್ನೊಂದು ‘ಎನ್’ ಮತ್ತು ‘ಇ’ ಸೇರುತ್ತದೆ. ‘ಎಮಿನೆಂಟ್’ ವಿದ್ವಾಂಸರಿಗೆ, ವೈದ್ಯರಿಗೆ. ಇದರ ಮೊದಲಕ್ಷರ ‘ಐ’ ಆಗಿ ‘ಎಂ’ ಎರಡಾದರೆ ಸನ್ನಿಹಿತ ಎಂದಾಗುತ್ತದೆ. ಊರಿನ ಗಣ್ಯರು ಸಭೆಗೆ ಬಂದಿದ್ದರೆ ‘ಡಿಗ್ನಿಟರೀಸ್’, ಊರ ಚರಿತ್ರೆಯಲ್ಲಿ ಬಂದರೆ ‘ಪ್ರಾಮಿನೆಂಟ್ ರೆಸಿಡೆಂಟ್ಸ್’.

---

ವಾಚನಾಲಯ_ಬದಿಯಡ್ಕ:

ಕೊನೆಯದಾಗಿ ಹುದ್ದೆಗಳು. ಮೊಕ್ತೇಸರ, ಗುರಿಕಾರ, ಕಾರ್ಯಾಧ್ಯಕ್ಷ, ಸ್ಥಾಪಕಾಧ್ಯಕ್ಷ, ಅನುದಾನಿತ ಶಾಲೆಯ ವ್ಯವಸ್ಥಾಪಕರು... ಕರಡಿನಲ್ಲಿ ಎಲ್ಲರೂ ‘ಲೀಡರ್’ ಆಗಿದ್ದಾರೆ. ಯಕ್ಷಗಾನದ ಭಾಗವತರೂ ‘ಲೀಡ್ ಸಿಂಗರ್’.

---

ಇಂಗ್ಲಿಷ್_ಮಾಸ್ಟ್ರು_ಕುಂಬಳೆ:

ಹುದ್ದೆ ಇದ್ದಲ್ಲಿ ಹುದ್ದೆಯ ಹೆಸರನ್ನೇ ಬರೆಯಿರಿ, ಲೀಡರ್ ಪೂರ್ತಿ ತೆಗೆಯಿರಿ. ದೇವಸ್ಥಾನದ ಆಡಳಿತ ಮೊಕ್ತೇಸರರು ‘ಮ್ಯಾನೇಜಿಂಗ್ ಟ್ರಸ್ಟಿ’, ಬರೀ ಮೊಕ್ತೇಸರರು ‘ಟ್ರಸ್ಟಿ’. ಕಾರ್ಯಾಧ್ಯಕ್ಷ ‘ವರ್ಕಿಂಗ್ ಪ್ರೆಸಿಡೆಂಟ್’. ಗೌರವಾಧ್ಯಕ್ಷ ‘ಆನರರಿ ಪ್ರೆಸಿಡೆಂಟ್’. ಇದನ್ನು ‘ಹಾನ್’ ಎಂದು ಚುಟುಕಾಗಿಸಬೇಡಿ, ಸನ್ಮಾನ್ಯ ಎಂದು ಓದುವವರಿದ್ದಾರೆ. ಜೀರ್ಣೋದ್ಧಾರ ಸಮಿತಿಯ ಸಂಚಾಲಕ ‘ಕನ್ವೀನರ್’. ಕೇರಳದ ಅನುದಾನಿತ ಶಾಲೆಯ ವ್ಯವಸ್ಥಾಪಕರಿಗೆ ಇಲ್ಲಿನ ಶಿಕ್ಷಣ ನಿಯಮಗಳಲ್ಲೇ ‘ಮ್ಯಾನೇಜರ್’ ಎಂಬ ಹೆಸರು. ಕರ್ನಾಟಕದ ರೂಢಿ ನೋಡಿ ‘ಕರೆಸ್ಪಾಂಡೆಂಟ್’ ಎಂದು ಬರೆದರೆ ಇಲಾಖೆಯವರಿಗೆ ಗೊಂದಲ. ಹೈಸ್ಕೂಲಿಗೆ ‘ಹೆಡ್‌ಮಾಸ್ಟರ್’, ಹಯರ್ ಸೆಕೆಂಡರಿಗೆ ‘ಪ್ರಿನ್ಸಿಪಾಲ್’. ಪ್ರಿನ್ಸಿಪಾಲಿನ ಕೊನೆ ಪಿ-ಎ-ಎಲ್, ಪಿ-ಎಲ್-ಇ ಆದರೆ ತತ್ತ್ವ. ಗ್ರಾಮ ಪಂಚಾಯತಿಗೆ ‘ಪ್ರೆಸಿಡೆಂಟ್’, ನಗರಸಭೆಗೆ ‘ಚೇರ್‌ಪರ್ಸನ್’.

‘ಫೌಂಡರ್-ಪ್ರೆಸಿಡೆಂಟ್’ ಮತ್ತು ‘ಫಸ್ಟ್ ಪ್ರೆಸಿಡೆಂಟ್’ ಒಂದೇ ಅಲ್ಲ. 1973ರಲ್ಲಿ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಕಟ್ಟಿ ಅದರ ಅಧ್ಯಕ್ಷರೂ ಆದ ವಾರಣಾಶಿ ಸುಬ್ರಾಯ ಭಟ್ಟರು ಫೌಂಡರ್-ಪ್ರೆಸಿಡೆಂಟ್. ಕಟ್ಟಿದವರು ಬೇರೆ, ಮೊದಲು ಕುರ್ಚಿಯಲ್ಲಿ ಕೂತವರು ಬೇರೆ ಆಗಿದ್ದರೆ ‘ಫಸ್ಟ್’ ಎನ್ನಬೇಕು. ವಾಚನಾಲಯದ ಮೊದಲ ನಿರ್ಣಯ ಪುಸ್ತಕ ತೆರೆದು ನೋಡಿ ನಿರ್ಧರಿಸಿ. ವರ್ಷಗಟ್ಟಲೆ ಚುಕ್ಕಾಣಿ ಹಿಡಿದವರಿಗೆ ‘ಅಟ್ ದ ಹೆಲ್ಮ್’ ಒಮ್ಮೆ ಬರಲಿ; ‘ಹೆಲ್ಮ್ ಆಫ್ ಅಫೇರ್ಸ್’ ಎಂದು ಉದ್ದ ಮಾಡುವುದು ಬೇಡ.

ಗುರಿಕಾರರನ್ನು ಅನುವಾದಿಸಬೇಡಿ. ಗುರಿಕಾರ ಎಂದೇ ಇಂಗ್ಲಿಷ್ ಅಕ್ಷರದಲ್ಲಿ ಓರೆಯಾಗಿ ಅಚ್ಚು ಹಾಕಿ, ಮೊದಲ ಸಲ ಬಂದಲ್ಲಿ ಅಲ್ಪವಿರಾಮದ ನಂತರ ‘ದ ಟ್ರೆಡಿಶನಲ್ ಹೆಡ್ ಆಫ್ ಎ ಗ್ರೂಪ್ ಆಫ್ ಫ್ಯಾಮಿಲೀಸ್’ ಎಂದು ವಿವರ ಕೊಡಿ. ಭಾಗವತರದ್ದೂ ಹಾಗೆಯೇ. ಹಾಡುವುದರ ಜತೆಗೆ ಇಡೀ ಆಟದ ಗತಿ ಅವರ ಕೈಯ ತಾಳದಲ್ಲಿ ಇರುತ್ತದೆ, ವೇಷಧಾರಿಯ ಪ್ರವೇಶ, ಕುಣಿತ, ಮಾತಿಗೆ ಎಷ್ಟು ಹೊತ್ತು ಎಂಬುದೆಲ್ಲ ಅವರದೇ ತೀರ್ಮಾನ. ‘ಲೀಡ್ ಸಿಂಗರ್’ ಎಂದರೆ ಅರ್ಧವೂ ಬರಲಿಲ್ಲ. ‘ಸಿಂಗರ್ ಅಂಡ್ ಡೈರೆಕ್ಟರ್ ಆಫ್ ದ ಪರ್ಫಾರ್ಮೆನ್ಸ್’ ಎಂದು ಬರೆಯಿರಿ.

ಅಚ್ಚಿಗೆ ಕೊಡುವ ಮೊದಲು ಕಡತದಲ್ಲಿ ಲೀಡ್, ಲೀಡರ್, ಲೀಡಿಂಗ್, ಸ್ಪಿಯರ್‌ಹೆಡ್, ಪಯನಿಯರ್ ಐದನ್ನೂ ಬೇರೆ ಬೇರೆ ಹುಡುಕಿ, ಬಂದ ಪ್ರತಿ ವಾಕ್ಯವನ್ನು ಒಂದು ಹಾಳೆಗೆ ಎತ್ತಿ, ಎದುರಿಗೆ ಅದರ ಕನ್ನಡ ಮೂಲ ಬರೆದು ಇಲ್ಲಿ ಹಾಕಿ. ಒಬ್ಬೊಬ್ಬರು ಒಂದೊಂದು ಪುಟ ನೋಡಿಕೊಡುತ್ತೇವೆ.